ಹೊಂಗೆ ಮರಕ್ಕೆ ಕಟ್ಟಿದ ಮಡಕೆ

ಇದನ್ನು ಬರೆಯಲು ಇಬ್ಬರು ಗೆಳೆಯರೂ ಒಪ್ಪಿದ್ದಾರೆ. ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಆಪ್ತ ಸಲಹೆಗೆ ನನ್ನ ಬಳಿ ಬಂದವರನ್ನು ಗಿರೀಶ ಅಂತ ಕರೆಯುತ್ತೇನೆ. ವಯಸ್ಸು 46. ಪೀಣ್ಯದ ಕಡೆ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇದೆ. ಮನೆ ವಿಜಯನಗರದ ಹತ್ತಿರ. ಹುಟ್ಟೂರು ಮಂಡ್ಯದ ಕಡೆ.

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ನಮ್ಮನೆಯವರು ಮೊದ್ಲು ಹದಿನೈದು ದಿನಕ್ಕೊಂದ್ಸಲ ಫ್ರೆಂಡ್ಸ್ ಜೊತೆ ಹೋಗಿ ಬಿಯರ್ ಕುಡಿದು ಬರೋರು. ನಾನು ಬೈತಿದ್ದೆ. ಈಗ ಎಲ್ಲೂ ಹೋಗಲ್ಲ. ದಿನಾ ರಾತ್ರಿ ಟೆರೇಸ್ ಮೇಲೆ ಒಬ್ರೇ ಕೂತು ಕುಡೀತಾರೆ. ಈಗ ಬೈಯೋಕೂ ಭಯ ಆಗುತ್ತೆ."

ಎರಡು ದಿನದ ನಂತರ ಗಿರೀಶ ಬಂದರು. ಏನಾಯಿತು ಅಂತ ಕೇಳಿದೆ. "ಏನಿಲ್ಲ ಮೇಡಂ. ಒಬ್ಬ ಫ್ರೆಂಡ್ ಹೋದ" ಅಂದರು. ತೀರಿಕೊಂಡರು ಅಂದುಕೊಂಡೆ. "ಇಲ್ಲ, ಇದಾನೆ. ಮಾತಿಲ್ಲ ಅಷ್ಟೇ."

ಅವರು ನಾಲ್ಕು ಜನ. ಹೈಸ್ಕೂಲಿನಿಂದ ಜೊತೆಗಿದ್ದವರು. ಹದಿನೆಂಟು ವರ್ಷಗಳಿಂದ ಶನಿವಾರ ಬಿಟ್ಟು ಶನಿವಾರ ಒಂದೇ ಬಾರಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಒಂದೇ ಟೇಬಲ್. ಹೋದ ತಕ್ಷಣ ಹುಡುಗ ಕೇಳದೆಯೇ ಕಾಂಗ್ರೆಸ್ ಕಡ್ಲೆಕಾಯಿ, ಉಪ್ಪು-ಖಾರ ಹಾಕಿದ ಸೌತೆಕಾಯಿ ತಂದಿಡುತ್ತಾನೆ. ಆಮೇಲೆ ಮಾತು. 2018ರಲ್ಲಿ ಶಬರಿಮಲೆ ತೀರ್ಪು ಬಂದಾಗ ಎರಡು ಶನಿವಾರ ಅದೇ ಮಾತು. 2023ರ ನವೆಂಬರ್‌ನಲ್ಲಿ ಅರಮನೆ ಮೈದಾನಕ್ಕೆ ಕಂಬಳ ಬಂದಾಗ, ಕರಾವಳಿ ಗದ್ದೆಯ ಆಟವನ್ನು ಊರು ಬಿಡಿಸಿ ಇಲ್ಲಿಗೆ ತರಬೇಕಿತ್ತಾ ಅಂತ ಜಗಳ. ಕರಗ ಬಂದರೆ ಕರಗದ ಮಾತು. ಹೂವಿನ ಕರಗ ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದನ್ನು ಒಬ್ಬರು ಹೆಮ್ಮೆಯಿಂದ ಹೇಳಿದರೆ, ಇನ್ನೊಬ್ಬರು ಆ ಒಂದು ರಾತ್ರಿ ಬಿಟ್ಟು ಉಳಿದ ದಿನ ಏನು ಕಥೆ ಅಂತ ಕೇಳುತ್ತಿದ್ದರು. ಬಿಲ್ ಬಂದಾಗ ನಾಲ್ಕು ಭಾಗ. ಮುಂದಿನ ಸಲ ಮತ್ತೆ ಶುರು.

ಇಂಥ ಟೇಬಲ್‌ಗಳ ಬಗ್ಗೆ ನನಗೆ ಗೌರವ ಇದೆ. ಈ ಊರಲ್ಲಿ ನಲವತ್ತು ದಾಟಿದ ಗಂಡಸರು ಇಎಂಐ, ಸೈಟು, ಮಕ್ಕಳ ಸೀಟು ಬಿಟ್ಟು ಬೇರೆ ವಿಷಯ ಮಾತಾಡುವ ಜಾಗ ತುಂಬಾ ಕಡಿಮೆ. ಆದ್ದರಿಂದ "ಇಂಥ ಚರ್ಚೆಯೇ ಬೇಡ, ಸುಮ್ನೆ ಕ್ರಿಕೆಟ್ ಮಾತಾಡಿ" ಅಂತ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಇವರಿಗೂ ಕೊಡಲಿಲ್ಲ.

ಜಗಳ ಆದದ್ದು ಮಧು ಅನ್ನುವವರ ಜೊತೆ. ಮಧು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಓದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ. ಡಾ. ಎಚ್. ನರಸಿಂಹಯ್ಯ ಅವರನ್ನು ಹತ್ತಿರದಿಂದ ನೋಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದು ಅದೇ ಎಚ್.ಎನ್. ಪ್ರಶ್ನೆ ಕೇಳುವುದು ಮಧುಗೆ ಅಲ್ಲಿಂದ ಬಂದದ್ದು. ಅದೊಂದು ದೊಡ್ಡ ಗುಣ, ಇದನ್ನು ನಾನು ಗಿರೀಶನಿಗೂ ಹೇಳಿದೆ.

ಅವತ್ತು ಪಿತೃಪಕ್ಷ. ಮಹಾಲಯ ಅಮಾವಾಸ್ಯೆಗೆ ಮುಂಚಿನ ಶನಿವಾರ. ಗಿರೀಶ ಆ ಹದಿನೈದು ದಿನ ಕುಡಿಯುವುದಿಲ್ಲ. ಲೈಮ್ ಸೋಡಾ ಹಿಡಿದು ಕೂತಿದ್ದರು. "ಏನ್ ಗುರು, ಪಕ್ಷ ಅಂತ ಬಿಯರ್ ಬಿಟ್ಬಿಟ್ಯಾ?" ಅಂತ ಶುರುವಾದ ತಮಾಷೆ ತಿಥಿ ಊಟಕ್ಕೆ ಸಾಲ ಮಾಡುವವರ ಕಡೆ ತಿರುಗಿತು. ಮಧು ಎರಡನೇ ಬಾಟಲಿ ಮುಗಿಸಿದ್ದರು. "ಬದುಕಿದ್ದಾಗ ಒಂದು ತುತ್ತು ಹಾಕದೋರೆಲ್ಲ ಸತ್ತ ಮೇಲೆ ಎಡೆ ಇಡ್ತಾರೆ. ಸತ್ತೋರು ಬಂದು ತಿಂತಾರೇನೋ?" ಅಂದರು.

ಗಿರೀಶ ಐನೂರರ ನೋಟು ಟೇಬಲ್ ಮೇಲಿಟ್ಟು ಎದ್ದು ಬಂದರು. ಮನೆ ತಲುಪುವ ಮೊದಲೇ ವಾಟ್ಸಾಪ್ ಗ್ರೂಪ್ ಬಿಟ್ಟಿದ್ದರು. ನನ್ನ ಬಳಿ ಬರುವ ಹೊತ್ತಿಗೆ ಐದು ತಿಂಗಳಾಗಿತ್ತು.

ಮೊದಲ ಎರಡು ಭೇಟಿಯಲ್ಲಿ ಅವರು ವಾದವನ್ನೇ ಮುಂದುವರಿಸಿದರು. ಸಂಪ್ರದಾಯ ಯಾಕೆ ಬೇಕು, ಮಧು ಎಲ್ಲಿ ತಪ್ಪಿದ, ಅವತ್ತು ತಾನು ಏನು ಉತ್ತರ ಕೊಡಬೇಕಿತ್ತು ಅನ್ನುವುದೇ ಮಾತು. ನಾನು ಕೇಳಿಸಿಕೊಂಡೆ. ಮೂರನೇ ಸಲ ಒಂದೇ ಪ್ರಶ್ನೆ ಕೇಳಿದೆ. "ಮಧು ಹೇಳಿದ ಆ ಮಾತಿನಲ್ಲಿ ನಿಮಗೆ ಚುಚ್ಚಿದ್ದು ಯಾವ ಪದ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ತುತ್ತು" ಅಂದರು.

2021ರ ಏಪ್ರಿಲ್ ಕೊನೆ. ಕೋವಿಡ್ ಎರಡನೇ ಅಲೆ. ಊರಿಂದ ಬಂದಿದ್ದ ಅಪ್ಪ ಆಸ್ಪತ್ರೆ ಸೇರಿದರು. ಗಿರೀಶನಿಗೂ ಪಾಸಿಟಿವ್, ಮನೆಯ ಒಂದು ರೂಮಿನಲ್ಲಿ ಒಬ್ಬರೇ. ಆರನೇ ದಿನ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದರು. ನಿಮ್ಮ ತಂದೆ ಊಟ ಮಾಡ್ತಿಲ್ಲ, ನೀವೇ ಹೇಳಿ ಅಂತ ಫೋನನ್ನು ಅಪ್ಪನ ಕಿವಿ ಹತ್ತಿರ ಹಿಡಿದರು. "ಅಪ್ಪಾ, ಒಂದು ತುತ್ತು ತಿನ್ನಪ್ಪಾ ಅಂದೆ ಮೇಡಂ. ಹ್ಞೂಂ ಅಂದ. ಅದೇ ಕೊನೆ."

ಸುಮನಹಳ್ಳಿ ಚಿತಾಗಾರದ ಮುಂದೆ ಆಗ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಚಿಕ್ಕಪ್ಪನ ಮಗ ಒಬ್ಬ ಹೋಗಿ ನಿಂತ. ಅವರ ಕಡೆ ಹೂಳುತ್ತಾರೆ, ಸುಡುವುದಿಲ್ಲ. ಮೂರನೇ ದಿನ ಹೋಗಿ ಮಣ್ಣಿನ ಮೇಲೆ ಹಾಲು-ತುಪ್ಪ ಬಿಡುತ್ತಾರೆ. ಇವರಿಗೆ ಹಾಲು-ತುಪ್ಪ ಬಿಡಲು ಮಣ್ಣೇ ಇರಲಿಲ್ಲ. ಸಿಕ್ಕಿದ್ದು ಒಂದು ಮಡಕೆ. ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ಪೆನ್ನಿನಲ್ಲಿ ಬರೆದ ನಂಬರ್. ಅಸ್ಥಿಯನ್ನು ಮನೆಯೊಳಗೆ ತರಬಾರದು ಅಂತ ಗೇಟಿನ ಪಕ್ಕದ ಹೊಂಗೆ ಮರದ ಕೊಂಬೆಗೆ ಕಟ್ಟಿದರು. ಗಿರೀಶನ ರೂಮಿನ ಕಿಟಕಿ ಆ ಮರಕ್ಕೇ ಎದುರು.

"ಕ್ವಾರಂಟೈನ್ ಮುಗಿಯೋವರೆಗೂ ಅದನ್ನೇ ನೋಡ್ಕೊಂಡು ಮಲಗಿದ್ದೆ ಮೇಡಂ. ಗಾಳಿ ಬಂದ್ರೆ ಅಲ್ಲಾಡೋದು. ಮಳೆ ಬಂದ ರಾತ್ರಿ ನಿದ್ದೆನೇ ಇಲ್ಲ, ಬಿದ್ದೋದ್ರೆ ಏನ್ ಮಾಡ್ಲಿ ಅಂತ."

ಆಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದರು. ಆ ವರ್ಷ ಜೂನ್‌ನಲ್ಲಿ, ಯಾರೂ ಕೇಳದೆ ಉಳಿದಿದ್ದ ಕೋವಿಡ್ ಮೃತರ ಅಸ್ಥಿಯನ್ನು ಸರ್ಕಾರವೇ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜನೆ ಮಾಡಿತಲ್ಲ, ಅದನ್ನು ಟಿವಿಯಲ್ಲಿ ನೋಡಿದರು. ಅವತ್ತಿನಿಂದ ಒಂದೇ ಕನಸು. ಸಾಲಾಗಿಟ್ಟ ಮಡಕೆಗಳಲ್ಲಿ ಅಪ್ಪನದು ಯಾವುದು ಅಂತ ಹುಡುಕುವುದು.

ಈಗ ಎಡೆಯ ವಿಷಯ. ಹಳೇ ಮೈಸೂರು ಕಡೆ ಬಹಳಷ್ಟು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆ ಅಂದರೆ ಹಿರಿಯರ ಹಬ್ಬ. ಹೋದವರಿಗೆ ಏನು ಇಷ್ಟವೋ ಅದನ್ನೇ ಬಾಳೆಲೆಗೆ ಬಡಿಸುತ್ತಾರೆ. ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ. ಗಿರೀಶನ ಮನೆಯಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಕೂಡ. ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬರುತ್ತಾರೆ. "ಆ ಐದು ನಿಮಿಷ ಬಾಗಿಲ ಆಚೆ ನಿಂತಿರ್ತೀನಲ್ಲ ಮೇಡಂ. ಅಷ್ಟೊತ್ತು ಅಪ್ಪ ಒಳಗೆ ಕೂತು ಉಣ್ತಿದಾನೆ ಅನ್ಸುತ್ತೆ."

ಇದನ್ನು ಅವರು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಗೆಳೆಯರಿಗೆ ಗೊತ್ತಿದ್ದದ್ದು "ಕೋವಿಡ್‌ನಲ್ಲಿ ಅಪ್ಪ ಹೋದರು" ಅನ್ನುವಷ್ಟೇ. ಆದ್ದರಿಂದ ನಾನು ನೇರವಾಗಿ ಹೇಳಿದೆ. ನೀವು ಗೆಲ್ಲಬೇಕಾದ ವಾದ ಇಲ್ಲಿ ಯಾವುದೂ ಇಲ್ಲ. ಮಧು ಮಾತಾಡಿದ್ದು ಒಂದು ಪದ್ಧತಿಯ ಬಗ್ಗೆ. ನೀವು ಕೇಳಿಸಿಕೊಂಡದ್ದು ನಿಮ್ಮ ಅಪ್ಪನ ಬಗ್ಗೆ. ನಡುವೆ ಇರುವುದು ನೀವು ಹೇಳದೆ ಉಳಿಸಿಕೊಂಡ ಕಥೆ. ಅದನ್ನು ಹೇಳಿ.

ಅದಕ್ಕಿಂತ ಮೊದಲು ಟೆರೇಸಿನ ಬಾಟಲಿ. ಕುಡಿತದ ಅಪಾಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿಯಲ್ಲಿ ಗಿರೀಶನಿಗೆ ಬಂದದ್ದು 16. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೇ ನಾವು ಎಚ್ಚರ ವಹಿಸುತ್ತೇವೆ. "ಬರೀ ಬಿಯರ್ ತಾನೇ ಮೇಡಂ" ಅಂದರು. ಲೆಕ್ಕ ಹಾಕಿ ತೋರಿಸಿದೆ. ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರವರೆಗೆ ಆಲ್ಕೋಹಾಲ್ ಇರುತ್ತದೆ. 650 ಎಂ.ಎಲ್. ಬಾಟಲಿ ಅಂದರೆ ಸುಮಾರು 40 ಗ್ರಾಂ. 30 ಎಂ.ಎಲ್. ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ಒಂದು ಬಾಟಲಿ ನಾಲ್ಕು ಸಣ್ಣ ಪೆಗ್‌ಗೆ ಸಮ. ಇವರು ದಿನಾ ಎರಡು ಬಾಟಲಿ. ಎಂಟು ಪೆಗ್ ಅಂತ ಹೇಳಿದಾಗ ನಿಜಕ್ಕೂ ಬೆಚ್ಚಿದರು.

ನಾನು "ಇವತ್ತೇ ಬಿಡಿ" ಅನ್ನಲಿಲ್ಲ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ನೋಡಿ, ಔಷಧ ಕೊಟ್ಟು ನಿಲ್ಲಿಸಿದರು. ಇದೇ ಸ್ಥಿತಿಯಲ್ಲಿ ಇರುವವರು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹೋಗಬಹುದು. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಮಧುಗೆ ಹೇಳಬೇಕಾದ ಮಾತನ್ನು ನಾವು ಅಭ್ಯಾಸ ಮಾಡಿದೆವು. ಮೊದಲ ಮೂರು ಸಲವೂ ಅದರಲ್ಲಿ "ಆದ್ರೆ ನೀನೂ..." ಅನ್ನುವುದು ಬಂತು. ಅದನ್ನು ತೆಗೆಸಿದೆ. ಕೊನೆಗೆ ಉಳಿದದ್ದು ಇಷ್ಟು. "ಮಧು, ಎಡೆ ಸರಿಯೋ ತಪ್ಪೋ ಅಂತ ಮಾತಾಡೋಕೆ ಕರೀತಿಲ್ಲ ಕಣೋ. ಅಪ್ಪ ಹೋದಾಗ ಏನಾಯ್ತು ಅಂತ ನಿನಗೆ ಹೇಳೇ ಇಲ್ಲ. ಅದನ್ನ ಹೇಳ್ಬೇಕು." ಮೆಸೇಜ್‌ನಲ್ಲಿ ಬೇಡ, ಬಾರಿನಲ್ಲಿ ಬೇಡ, ಹಗಲು ಹೊತ್ತಿನಲ್ಲಿ ಅಂತ ಹೇಳಿದೆ. ಗಿರೀಶ ಫೋನ್ ಮಾಡಿದರು. ಮಧು ತಕ್ಷಣ ಒಪ್ಪಿ, ನನ್ನ ಕೋಣೆಗೇ ಬಂದರು.

ಬಂದವರು ಮೊದಲು ಕೇಳಿದ್ದು, "ಅವತ್ತು ನಾನು ಏನಂದೆ?" ನಾಟಕ ಅಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಗಿರೀಶನಿಗೆ ಇದು ಇನ್ನೊಂದು ಪೆಟ್ಟು. ಐದು ತಿಂಗಳು ತಾನು ಹೊತ್ತ ಮಾತು, ಹೇಳಿದವನಿಗೆ ನೆನಪೇ ಇಲ್ಲ.

ಇದನ್ನು ಇಬ್ಬರಿಗೂ ವಿವರಿಸಬೇಕಾಯಿತು. ಸ್ಟೀಲ್ ಮತ್ತು ಜೋಸೆಫ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1990ರಲ್ಲಿ ಬರೆದ ಲೇಖನದಲ್ಲಿ 'ಆಲ್ಕೋಹಾಲ್ ಮಯೋಪಿಯಾ' ಬಗ್ಗೆ ಹೇಳುತ್ತಾರೆ. ಮಯೋಪಿಯಾ ಅಂದರೆ ಹತ್ತಿರದ್ದಷ್ಟೇ ಕಾಣುವ ಕಣ್ಣಿನ ದೋಷ. ಕುಡಿದಾಗ ಗಮನವೂ ಹಾಗೇ ಕಿರಿದಾಗುತ್ತದೆ. ಎದುರಿಗೆ ಇರುವ ವಾದ ಮಾತ್ರ ದೊಡ್ಡದಾಗಿ ಕಾಣುತ್ತದೆ. ಎದುರಿಗೆ ಕೂತವನು ಇವತ್ತು ಯಾಕೆ ಸೋಡಾ ಕುಡಿಯುತ್ತಿದ್ದಾನೆ, ಅವನ ಮುಖ ಯಾಕೆ ಹೀಗಿದೆ ಅನ್ನುವುದು ಕಾಣುವುದಿಲ್ಲ. ಮಧುಗೆ ಆದದ್ದು ಅದೇ. ಗಿರೀಶ ಅವತ್ತು ಕುಡಿದಿರಲಿಲ್ಲ, ಅದಕ್ಕೇ ಪ್ರತಿ ಅಕ್ಷರವೂ ನೆನಪಿದೆ.

ಆಮೇಲೆ ಒಂದು ನಿಯಮ ಇಟ್ಟೆ. ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟದ್ದು. ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಬೇಕು. ಅವರು "ಹೌದು, ಇದೇ" ಅನ್ನುವವರೆಗೆ ನಿಮ್ಮ ಅಭಿಪ್ರಾಯ ಹೇಳುವಂತಿಲ್ಲ. ಓದಲು ಸುಲಭ, ಮಾಡಲು ತುಂಬಾ ಕಷ್ಟ.

ಗಿರೀಶ ಎಲ್ಲ ಹೇಳಿದರು. ಮಧು, "ನಿಮ್ಮಪ್ಪನ ಮುಖ ಕೊನೆಗೆ ನೋಡೋಕಾಗ್ಲಿಲ್ಲ ಅಂತ ಸಂಕಟ, ಅಲ್ವಾ?" ಅಂದರು.

"ಅಲ್ಲ."

"ಸರಿಯಾಗಿ ಮಣ್ಣು ಮಾಡೋಕಾಗ್ಲಿಲ್ಲ ಅಂತ?"

"ಅಲ್ವೋ."

ಮಧು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, ನಿಧಾನಕ್ಕೆ, "ಅಪ್ಪ ಉಣ್ದೇ ಹೋದ. ಎಡೆ ಇಟ್ಟಾಗ ಮಾತ್ರ ನೀನು ಅವನಿಗೆ ಉಣ್ಸಿದ ಹಾಗೆ" ಅಂದರು.

"ಹ್ಞೂಂ" ಅಂದರು ಗಿರೀಶ.

ಆಮೇಲೆ ಮಧು ಕೇಳಿದ್ದು ಮರದ ಬಗ್ಗೆ. "ಹೊಂಗೆ ಮರ ಅಂದ್ಯಲ್ಲ, ಗೇಟ್ ಹತ್ರದ್ದೇನಾ? ಎಷ್ಟು ಸಲ ಅದರ ಕೆಳಗೇ ಗಾಡಿ ನಿಲ್ಸಿದೀನಲ್ಲೋ. ಯಾಕೋ ಹೇಳ್ಲಿಲ್ಲ ಇಷ್ಟು ವರ್ಷ?" ಗಿರೀಶನಿಗೆ ಉತ್ತರ ಇರಲಿಲ್ಲ. ಇಬ್ಬರೂ ಅತ್ತರು. ನಾನು ನೀರು ಕೊಟ್ಟು ಕೂತೆ.

ಮಧುಗೆ ನಾನು ಕೊಟ್ಟ ಸಲಹೆ ಚಿಕ್ಕದು. ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಆದರೆ ಸಾವು, ಮದುವೆ, ದೇವರು, ಜಾತಿ ಇವುಗಳ ಮಾತು ಬಂದಾಗ "ಇದು ನಿನಗೆ ಹತ್ತಿರದ ವಿಷಯಾನಾ?" ಅಂತ ಮೊದಲು ಕೇಳಿ. ಇಂಥ ಮಾತನ್ನು ಮೊದಲ ಗ್ಲಾಸ್‌ಗಿಂತ ಮುಂಚೆ ಆಡಿ. ಇನ್ನೊಂದು, ಗಾಡಿ. ಅವರು ಎರಡು ಬಾಟಲಿ ಕುಡಿದು ಸ್ಕೂಟರ್‌ನಲ್ಲೇ ಮನೆಗೆ ಹೋಗುತ್ತಿದ್ದರು. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಒಂದೇ ಸ್ಟ್ರಾಂಗ್ ಬಾಟಲಿಗೆ ಅದು ದಾಟಿಬಿಡುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಜೀವದ ಮಾತು ಬೇರೆ. ಈಗ ಮೆಟ್ರೋದಲ್ಲಿ ಬರುತ್ತಾರೆ.

ಗಿರೀಶ ನಡುವೆ ಎರಡು ಸಲ ಜಾರಿದರು. ಎರಡೂ ಸಲ ಮರುದಿನವೇ ಫೋನ್ ಮಾಡಿ ಹೇಳಿದರು. ವರ್ಕ್‌ಶಾಪ್‌ಗೆ ಹೋಗುವ ದಾರಿಯಲ್ಲಿ ಸುಮನಹಳ್ಳಿ ಜಂಕ್ಷನ್ ದಾಟುವಾಗ ಈಗಲೂ ಎದೆ ಬಿಗಿಯುತ್ತದೆ. ಮಡಕೆಯ ಕನಸು ಕಡಿಮೆಯಾಗಿದೆ, ನಿಂತಿಲ್ಲ. ಅದರ ಮೇಲೆ ಇನ್ನೂ ಕೆಲಸ ನಡೆದಿದೆ. ನಾಲ್ವರು ಈಗ ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಖಾಲಿ ದೋಸೆಗೆ ಸೇರುತ್ತಾರೆ. ಶನಿವಾರದ ಟೇಬಲ್‌ಗೆ ಗಿರೀಶ ಇನ್ನೂ ಹೋಗಿಲ್ಲ. ವೈದ್ಯರು ಸದ್ಯಕ್ಕೆ ಬೇಡ ಅಂದಿದ್ದಾರೆ.

ಕಳೆದ ವಾರ ಬಂದಾಗ ಮಹಾಲಯ ಅಮಾವಾಸ್ಯೆಯ ಮಾತು ಬಂತು. ಮಧು ಕೂಡ ಬರುತ್ತಾರಂತೆ. "ಎಡೆಗೆ ಕೈ ಮುಗಿಯಲ್ಲ, ಊಟಕ್ಕೆ ಮಾತ್ರ ಬರ್ತೀನಿ ಅಂದಿದಾನೆ ಮೇಡಂ. ಬಾಗಿಲು ಹಾಕಿದಾಗ ನನ್ನ ಪಕ್ಕ ನಿಂತಿರ್ತಾನಂತೆ."