ಕಟಪಾಡಿಯ ಲೇಖಕಿಗೆ: ಅಮ್ಮನ ಮಲ್ಲಿಗೆಯಿಂದ ಆರಂಭಿಸಿ

ನಮಸ್ಕಾರ. ‘ಜಾಗತಿಕ ಇ-ವಾಣಿಜ್ಯದ ಸಾಂಸ್ಕೃತಿಕ ಆಯಾಮಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಅದರ ಒಂದು ಪ್ಯಾರಾ ನನ್ನನ್ನು ಬಿಡುತ್ತಿಲ್ಲ. ಅದಕ್ಕಾಗಿಯೇ ಈ ಪತ್ರ.

ಮೊದಲು ನನ್ನ ತಕರಾರು. ಪಾಶ್ಚಾತ್ಯರು ನಂಬುವವರು, ಹಾಗಾಗಿ ಮುಂಗಡ ಹಣ ಕೊಡುತ್ತಾರೆ. ಭಾರತೀಯರು ಸಂಶಯದವರು, ಹಾಗಾಗಿ ವಸ್ತು ಕೈಗೆ ಬಂದ ಮೇಲೆ ದುಡ್ಡು ಎಣಿಸುತ್ತಾರೆ ಎಂದಿದ್ದೀರಿ. ಹಾಗಾದರೆ ಜರ್ಮನಿಯನ್ನು ಎಲ್ಲಿಡುತ್ತೀರಿ? ವಸ್ತುವಿನ ಜೊತೆಗೆ ಬಿಲ್ಲು ತರಿಸಿಕೊಂಡು, ಬೇಡದ್ದನ್ನು ಮರಳಿಸಿ, ಉಳಿದುದಕ್ಕೆ ಆಮೇಲೆ ಹಣ ಕಳುಹಿಸುವುದು ಅಲ್ಲಿ ಹಳೆಯ ರೂಢಿ. ಜಪಾನಿನಲ್ಲಿ ಆನ್‌ಲೈನಿನಲ್ಲಿ ಕೊಂಡದ್ದಕ್ಕೂ ಹತ್ತಿರದ ಅಂಗಡಿಗೆ ಹೋಗಿ ನಗದು ಕಟ್ಟಬಹುದು. ಚೀನಾದಲ್ಲಿ 2004ರಲ್ಲಿ ಬಂದ ಅಲಿಪೇ ಎಂಬ ಪಾವತಿ ಸೇವೆ, ಕೊಂಡವರ ಹಣವನ್ನು ತನ್ನಲ್ಲೇ ಹಿಡಿದಿಟ್ಟು, ಸರಕು ತಲುಪಿತೆಂದು ಅವರು ಒಪ್ಪಿದ ಮೇಲೆ ಮಾರಿದವರಿಗೆ ಕೊಡುತ್ತಿತ್ತು. ನಿಮ್ಮ ವಿಂಗಡಣೆ ಈ ಮೂರರಲ್ಲಿ ಒಂದರ ಮುಂದೆಯೂ ನಿಲ್ಲುವುದಿಲ್ಲ.

ಕೆನ್ಯಾದಲ್ಲಿ 2007ರಲ್ಲಿ ಆರಂಭವಾದ, ಫೋನಿನಲ್ಲೇ ಹಣ ಕಳುಹಿಸುವ ಎಂ-ಪೆಸಾ ಸೇವೆಯನ್ನು ‘ಮೊಬೈಲ್ ಕ್ರಾಂತಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಗದು ಪಡೆದು ಫೋನಿಗೆ ಹಣ ತುಂಬುವ, ಬೇಕೆಂದಾಗ ನಗದು ಕೊಡುವ ಊರಿನ ಅಂಗಡಿಯವರಿಲ್ಲದೆ ಅದು ನಡೆಯುತ್ತಿರಲಿಲ್ಲ. ಓದುವಾಗ ನನಗೆ ನಮ್ಮ ಪಿಗ್ಮಿ ಉಳಿತಾಯ ಯೋಜನೆ ನೆನಪಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಿಂದಲೇ ಏಜೆಂಟರನ್ನು ಮನೆಬಾಗಿಲಿಗೆ ಕಳುಹಿಸಿ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುತ್ತಿತ್ತು. ಎಷ್ಟೋ ಮನೆಗಳಿಗೆ ಬ್ಯಾಂಕೆಂದರೆ ದಿನವೂ ಬರುವ ಆ ಪರಿಚಿತ ಮುಖ. ನೈರೋಬಿಯವರೆಗೆ ಹೋದ ನೀವು ಇದನ್ನು ಬಿಟ್ಟದ್ದು ನನಗೆ ಬೇಸರ ತಂದಿತು.

ಇನ್ನು ಆ ಪ್ಯಾರಾ. ಕೊನೆಯ ಪುಟದಲ್ಲಿ, ಕ್ಷಮೆ ಕೇಳುವವರಂತೆ, ‘ವೈಯಕ್ತಿಕ ಅನುಭವ’ ಎಂದು ಸೇರಿಸಿದ್ದೀರಿ. ನಿಮ್ಮ ಅಮ್ಮ ಬೆಳಿಗ್ಗೆ ಶಂಕರಪುರದ ಹೂವಿನ ಕಟ್ಟೆಗೆ, ಅಂದರೆ ಬೆಳೆಗಾರರಿಂದ ಹೂವು ಕೊಳ್ಳುವ ಜಾಗಕ್ಕೆ, ಮಲ್ಲಿಗೆ ಕೊಟ್ಟು ಬರುತ್ತಾರೆ. ಅಟ್ಟೆಗೆ (ಕಟ್ಟಿದ ಹೂವಿನ ಒಂದು ಅಳತೆ) ಆ ದಿನದ ದರ ಎಷ್ಟೆಂದು ಆಗ ಅವರಿಗೆ ಗೊತ್ತಿರುವುದಿಲ್ಲ, ಲೆಕ್ಕ ವಾರಕ್ಕೊಮ್ಮೆ. ಅದೇ ಅಮ್ಮ ಮೊಬೈಲಿನಲ್ಲಿ ತರಿಸಿದ ಸೀರೆಗೆ, ಕಟ್ಟು ಕೈಗೆ ಬರುವವರೆಗೆ ಒಂದು ರೂಪಾಯಿ ಕೊಡುವುದಿಲ್ಲ. ‘ಕಟ್ಟೆಯವರು ನಾಳೆಯೂ ಅಲ್ಲೇ ಇರುತ್ತಾರೆ, ಇವರನ್ನು ಎಲ್ಲಿ ಹೋಗಿ ಕೇಳುವುದು?’ ಎಂಬ ಅವರ ಮಾತನ್ನು ನೀವೇ ಬರೆದಿದ್ದೀರಿ. ಬೆಲೆ ತಿಳಿಯದೆ ಬೆಳೆ ಒಪ್ಪಿಸುವವರನ್ನು ಸಂಶಯದವರು ಎನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಲೇಖನ ಅಲ್ಲಿಂದ ಆರಂಭವಾಗಲಿ. ಅಮ್ಮ ಆ ಮಾತನ್ನು ತುಳುವಿನಲ್ಲಿ ಆಡಿದ್ದರೆ ತುಳುವಿನಲ್ಲೇ ಇಟ್ಟು, ಕೆಳಗೆ ಕನ್ನಡದ ಅರ್ಥ ಕೊಡಿ. ಕಟ್ಟೆಯವರು ಈಗ ಹಣವನ್ನು ಯುಪಿಐ ಮೂಲಕ ಹಾಕುತ್ತಾರೆಯೇ? ಹಾಕಿದರೆ ಅದು ಯಾರ ಫೋನಿಗೆ ಬರುತ್ತದೆ, ಅಮ್ಮನದ್ದಕ್ಕೋ, ಅಪ್ಪನದ್ದಕ್ಕೋ? ನೋಟಾಗಿ ಬರುತ್ತಿದ್ದಾಗ ಸೆರಗಿನ ಗಂಟಿನಲ್ಲಿದ್ದ ಹಣವನ್ನು ಖರ್ಚು ಮಾಡಲು ಅವರು ಈಗ ಯಾರನ್ನಾದರೂ ಕೇಳಬೇಕಾಗಿದೆಯೇ? ಇದಕ್ಕೆ ಉತ್ತರ ತಂದರೆ, ದೇಶಗಳಲ್ಲಿ ಎರಡನ್ನಷ್ಟೇ ಉಳಿಸಿಕೊಂಡರೂ ಸಾಕು. ‘ಆಯಾಮ’ವನ್ನು ಶೀರ್ಷಿಕೆಯಿಂದ ತೆಗೆಯಿರಿ.

ಮಳೆಗಾಲದಲ್ಲಿ ಹೂವು ಕಡಿಮೆ, ಅಮ್ಮನಿಗೆ ತುಸು ಬಿಡುವಿರಬಹುದು. ಆಗ ಕುಳಿತು ಕೇಳಿ. ಹೊಸ ಪ್ರತಿಯನ್ನು ಮಂಗಳೂರಿನ ಕಚೇರಿಗೆ, ನನ್ನ ಹೆಸರಿಗೇ ಕಳುಹಿಸಿ.