ಅಜ್ಜಿ ಮಾತು ನಿಲ್ಲಿಸಿದಾಗ

ಪ್ರಶ್ನೆ: ನಾನು ಪದವಿ ಕೊನೆಯ ವರ್ಷದ ವಿದ್ಯಾರ್ಥಿನಿ. ಶರಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಆದ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರ ನೆನಪುಗಳನ್ನು ದಾಖಲಿಸುತ್ತಿದ್ದೇನೆ. ನನ್ನ ಅಜ್ಜಿಯಿಂದಲೇ ಶುರು ಮಾಡೋಣ ಎಂದು ನಲವತ್ತು ಪ್ರಶ್ನೆ ಬರೆದುಕೊಂಡು ಕುಳಿತೆ. ‘ಊರು ಮುಳುಗುವಾಗ ನಿನಗೆ ಏನನ್ನಿಸಿತು ಅಜ್ಜಿ?’ ಎಂದು ಕೇಳಿದರೆ ‘ಏನನ್ನಿಸುತ್ತದೆ, ಎಲ್ಲ ಹೋಯಿತು’ ಎಂದು ಹೇಳಿ ಸುಮ್ಮನಾದರು. ಹತ್ತು ನಿಮಿಷಕ್ಕೆ ಸಂದರ್ಶನ ಮುಗಿಯಿತು. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅಜ್ಜಿ ನಿಮಗೆ ಉತ್ತರ ಕೊಟ್ಟಿದ್ದಾರೆ ತಂಗಿ. ಇಡೀ ಊರನ್ನು ಒಂದೇ ಪ್ರಶ್ನೆಯಲ್ಲಿ ತುಂಬಿ ಕೇಳಿದಿರಿ, ಅವರೂ ಇಡೀ ಊರಿನ ಉತ್ತರವನ್ನು ಎರಡು ಮಾತಿನಲ್ಲಿ ಹೇಳಿದರು. ‘ಏನನ್ನಿಸಿತು’ ಎಂಬ ಪ್ರಶ್ನೆಯನ್ನು ನಿಮ್ಮ ಪಟ್ಟಿಯಿಂದ ಇವತ್ತೇ ಹೊಡೆದುಹಾಕಿ.

ಬದಲಿಗೆ ಕೈಗೆ ಸಿಗುವ ಸಂಗತಿಗಳನ್ನು ಕೇಳಿ. ಗಾಡಿಗೆ ಮೊದಲು ಏನು ಹೇರಿದರು? ಏನನ್ನು ಬಿಟ್ಟು ಬಂದರು? ದನಗಳನ್ನು ಯಾರು ಹೊಡೆದುಕೊಂಡು ಬಂದರು? ಹೊಸ ಜಾಗದಲ್ಲಿ ಮೊದಲ ರಾತ್ರಿ ಒಲೆ ಹೂಡಿದ್ದು ಎಲ್ಲಿ, ನೀರು ತಂದದ್ದು ಎಲ್ಲಿಂದ? ನಾನು ಸಾಗರದ ಸುತ್ತಮುತ್ತ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಒಮ್ಮೆ ಒಬ್ಬ ಅಮ್ಮ ನಿಮ್ಮ ಅಜ್ಜಿಯ ಹಾಗೆಯೇ ಬಾಯಿ ಕಟ್ಟಿ ಕುಳಿತಿದ್ದರು. ‘ನಿಮ್ಮ ಹಳೇ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು?’ ಎಂದೆ. ಅವರು ನೆಲದ ಮೇಲೆ ಬೆರಳಿನಲ್ಲಿ ಗೆರೆ ಎಳೆಯತೊಡಗಿದರು. ಇದು ಜಗಲಿ, ಇದು ಕೊಟ್ಟಿಗೆ, ಇಲ್ಲಿ ಬಚ್ಚಲು, ಇಲ್ಲಿ ಹಲಸಿನ ಮರ. ಜಗಲಿಯ ಗೋಡೆಯ ಹತ್ತಿರ ಬೆರಳು ನಿಂತಿತು. ಮದುವೆಯಾಗಿ ಬಂದಾಗ ಆ ಗೋಡೆಯ ಮೇಲೆ ಬರೆದಿದ್ದ ಹಸೆ ಚಿತ್ತಾರ ನೆನಪಾಗಿತ್ತು. ಆಮೇಲೆ ಎರಡು ತಾಸು ಮಾತಾಡಿದರು. ನಾನು ಕೇಳಿದ ಪ್ರಶ್ನೆ ಐದನ್ನು ದಾಟಲಿಲ್ಲ.

ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಅಡಿಕೆ ಸುಲಿಯುವಾಗ, ಬತ್ತಿ ಹೊಸೆಯುವಾಗ ಪಕ್ಕದಲ್ಲಿ ಕುಳಿತು ನೀವೂ ಕೈ ಹಚ್ಚಿ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆ ಬಾಯಿಗೆ ಬಂದರೂ ತಡೆದುಕೊಳ್ಳಿ. ಇದು ಬಹಳ ಕಷ್ಟ. ನನಗೆ ಇದನ್ನು ಕಲಿಯಲು ಹಲವು ವರ್ಷ ಬೇಕಾಯಿತು.

ಇನ್ನು ತಯಾರಿಯ ಮಾತು. ಪ್ರಶ್ನೆ ಬರೆದುಕೊಳ್ಳುವುದೇ ತಯಾರಿ ಎಂದು ನಾನೂ ಅಂದುಕೊಂಡಿದ್ದೆ. ಆರಂಭದ ದಿನಗಳಲ್ಲಿ ಒಬ್ಬ ಹಿರಿಯರನ್ನು ಮಾತಾಡಿಸಲು ಹೋದೆ. ‘ನೀರು ಬಂದಾಗ ನಾನು ಇನ್ನೂ ಹುಡುಗ, ಸ್ವಾತಂತ್ರ್ಯ ಬಂದ ಸುತ್ತಿನಲ್ಲಿ’ ಎಂದರು. ನನ್ನ ತಲೆಯಲ್ಲಿದ್ದದ್ದು ಲಿಂಗನಮಕ್ಕಿ ಅಣೆಕಟ್ಟು, 1964. ‘ಅಲ್ಲ ಅಜ್ಜ, ಅದು ಅರವತ್ತನಾಲ್ಕರಲ್ಲಿ’ ಎಂದು ತಿದ್ದಿದೆ. ‘ಹೌದಾ, ಹಾಗಾದರೆ ಹಾಗೇ ಇರಬಹುದು’ ಎಂದರು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ‘ಹೂಂ’ ಎಂಬುದಷ್ಟೇ ಉತ್ತರ.

ತಪ್ಪಿದ್ದು ಅವರಲ್ಲ. ಜೋಗದ ವಿದ್ಯುತ್ ಯೋಜನೆಗಾಗಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ. ಅವರ ಮನೆ ಹೋದದ್ದು ಆ ಮೊದಲ ನೀರಿಗೆ. ಮೇಲಕ್ಕೆ ಬಂದು ಕಟ್ಟಿಕೊಂಡ ಎರಡನೆಯ ಮನೆಯನ್ನು ಲಿಂಗನಮಕ್ಕಿಯ ನೀರು ನುಂಗಿತು. ಹಿರೇಭಾಸ್ಕರ ಅಣೆಕಟ್ಟೆಯೇ ಆ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ಹಾಗೆ ಕಂಡ ಒಂದು ವರ್ಷ ದಡದಲ್ಲಿ ನಿಂತು ನೋಡುತ್ತಿದ್ದಾಗಲೇ ನನ್ನ ತಪ್ಪು ನನಗೆ ಹೊಳೆದದ್ದು. ಮನೆಗೆ ಬಂದು ಹಳೆಯ ಕ್ಯಾಸೆಟ್ ಹಾಕಿ ಕೇಳಿದೆ. ಎರಡು ಸಲ ಮುಳುಗಿದ ಬದುಕಿನ ಕತೆ ಹೇಳಲು ಹೊರಟವರನ್ನು ನನ್ನ ಅರೆಜ್ಞಾನ ತಡೆದು ನಿಲ್ಲಿಸಿತ್ತು. ಅಷ್ಟರಲ್ಲಿ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆದ್ದರಿಂದ ಹೋಗುವ ಮೊದಲು ಇಸವಿಗಳನ್ನು ತಿಳಿದುಕೊಳ್ಳಿ, ಆದರೆ ಅವರ ಎದುರು ಆಡಬೇಡಿ. ನಿಮ್ಮ ಮನೆತನ ಆಗ ಗೇಣಿ ಮಾಡುತ್ತಿತ್ತೋ, ಸ್ವಂತ ಜಮೀನಿತ್ತೋ ಎಂಬುದನ್ನು ತಂದೆಯವರಲ್ಲಿ ಕೇಳಿಟ್ಟುಕೊಳ್ಳಿ. ಉಳುವವನಿಗೆ ಭೂಮಿ ಕೊಟ್ಟ ಕಾನೂನು ಜಾರಿಯಾದದ್ದು 1974ರಲ್ಲಿ, ಮುಳುಗಡೆಯಾಗಿ ಹತ್ತು ವರ್ಷದ ನಂತರ; ಮುಳುಗುವಾಗ ಗೇಣಿ ಜಮೀನು ಇನ್ನೂ ಒಡೆಯರ ಹೆಸರಿನಲ್ಲೇ ಇತ್ತು. ಗೇಣಿದಾರರ ಮನೆಯಾಗಿದ್ದರೆ ‘ಪರಿಹಾರದ ಹಣ ಯಾರ ಕೈಗೆ ಹೋಯಿತು?’ ಎಂದು ಮೆಲ್ಲಗೆ ಕೇಳಿ. ಗೇಣಿ ಅಳೆಯುತ್ತಿದ್ದ ಕೊಳಗ ಎಷ್ಟು ದೊಡ್ಡದಿತ್ತು ಎಂದೂ ಕೇಳಿ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಆ ಕೊಳಗದ ಅಳತೆಯಿಂದಲೇ. ಅಜ್ಜಿಗೆ ಆ ಕಾಲದ ಮಾತು ಯಾವುದಾದರೂ ಕಿವಿಗೆ ಬಿದ್ದಿರಬಹುದು.

ಪ್ರಶ್ನೆ: ನಮ್ಮ ತಾತ ಊರು ಬಿಟ್ಟದ್ದು ಕಾರ್ತಿಕದಲ್ಲಿ ಎನ್ನುತ್ತಾರೆ, ದೊಡ್ಡಪ್ಪ ಬೇಸಿಗೆಯಲ್ಲಿ ಎನ್ನುತ್ತಾರೆ. ಯಾವುದನ್ನು ಬರೆದುಕೊಳ್ಳಲಿ? ಜೊತೆಗೆ ಜಮೀನಿನ ಒಂದು ಹಳೆಯ ಜಗಳವನ್ನು ಹೇಳಿ, ‘ಇದನ್ನು ಎಲ್ಲೂ ಬರೆಯಬೇಡ’ ಎಂದು ತಾತ ಹೇಳಿದ್ದಾರೆ. ಆದರೆ ಅದೇ ಮುಖ್ಯವಾದ ಭಾಗ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಎಂದು ಪಕ್ಕದಲ್ಲಿ ಗುರುತಿಸಿ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ತೀರ್ಮಾನ ಮಾಡಿಸಲು ಹೋಗಬೇಡಿ. ಜೋರು ದನಿಯವರ ಮಾತೇ ಉಳಿಯುತ್ತದೆ. ತಿಂಗಳು ಕೇಳುವ ಬದಲು ಹಬ್ಬ ಮತ್ತು ಬೆಳೆಯ ಮೂಲಕ ಕೇಳಿ: ‘ಆ ವರ್ಷ ಭೂಮಿ ಹುಣ್ಣಿಮೆಯ ಚರಗ ಚೆಲ್ಲಿದ್ದು ಹಳೇ ಗದ್ದೆಯಲ್ಲೋ, ಹೊಸ ಜಾಗದಲ್ಲೋ?’, ‘ಅಡಿಕೆ ಕೊನೆ ಕೊಯ್ಲು ಆಗಿತ್ತೋ?’ ಬಹಳ ಸಲ ಗೊತ್ತಾಗುವುದೇನೆಂದರೆ, ಮನೆಯವರೆಲ್ಲ ಒಂದೇ ದಿನ ಹೊರಟಿರುವುದಿಲ್ಲ. ಹೆಂಗಸರು ಮಕ್ಕಳು ಮೊದಲು, ಮರಮುಟ್ಟು ಬಿಚ್ಚಿ ತರಲು ಉಳಿದ ಗಂಡಸರು ತಿಂಗಳುಗಟ್ಟಲೆ ತಡವಾಗಿ. ನಿಮ್ಮ ತಾತನೂ ದೊಡ್ಡಪ್ಪನೂ ಇಬ್ಬರೂ ಸರಿಯೇ ಹೇಳುತ್ತಿರಬಹುದು.

ಜಗಳದ ವಿಷಯದಲ್ಲಿ ನನ್ನ ಮಾತು ಕಟುವಾಗಿ ಕಂಡರೂ ಹೇಳುತ್ತೇನೆ. ಬರೆಯಬೇಡ ಎಂದರೆ ಬರೆಯಬಾರದು. ಹೆಸರು ಬದಲಿಸಿ ಬರೆದರೆ ಆಯಿತಲ್ಲ ಎಂದು ನೀವು ಕೇಳಬಹುದು. ಹತ್ತು ಮನೆಯ ಊರಿನಲ್ಲಿ ಹೆಸರು ಬದಲಿಸಿದರೆ ಯಾರಿಗೆ ಗೊತ್ತಾಗುವುದಿಲ್ಲ? ಆರು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಬೇಡ ಎಂದರೆ ಅಲ್ಲಿಗೆ ಬಿಡಿ. ತಾತ ಮೊಮ್ಮಗನಿಗೆ ಹೇಳಿದರೇ ಹೊರತು ಸಂದರ್ಶಕನಿಗಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಕೇ, ಬೇರೆ ಸಾಧನ ಕೊಳ್ಳಬೇಕೇ?
— ಓದುಗರೊಬ್ಬರು, ಸೊರಬ

ಉತ್ತರ: ಮೊಬೈಲ್ ಸಾಕು. ಕರೆ ಬಾರದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಇಡಿ. ಸ್ಟೀಲ್ ಸ್ಟೂಲ್ ಮೇಲೆ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ನಮ್ಮ ಕಡೆ ಆಷಾಢ ಶ್ರಾವಣದಲ್ಲಿ ಸಂದರ್ಶನ ಬೇಡ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಏನೂ ದಾಖಲಾಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ. ಶುರುವಿನಲ್ಲಿ ದಿನಾಂಕ, ಊರು, ಹೆಸರು ಹೇಳಿ, ‘ರೆಕಾರ್ಡ್ ಮಾಡಿಕೊಳ್ಳಲೇ?’ ಎಂದು ಕೇಳಿ, ಅವರ ಒಪ್ಪಿಗೆಯೂ ಅದರಲ್ಲೇ ಕೇಳಿಸುವಂತಿರಲಿ.

ಅದೇ ರಾತ್ರಿ ಒಮ್ಮೆ ಪೂರ್ತಿ ಕೇಳಿ. ಅವರಿಗಾಗಿ ಅಲ್ಲ, ನಿಮ್ಮ ದನಿಗಾಗಿ ಕೇಳಿ. ಎಲ್ಲೆಲ್ಲಿ ಅವರ ಮಾತಿನ ನಡುವೆ ಬಾಯಿ ಹಾಕಿದಿರಿ ಎಂದು ಗುರುತು ಮಾಡಿಕೊಳ್ಳಿ. ಆ ಗುರುತುಗಳೇ ಎರಡನೆಯ ಭೇಟಿಯ ಪ್ರಶ್ನೆಗಳು. ಒಂದು ಪ್ರತಿಯನ್ನು ಆ ಮನೆಗೂ ಕೊಡಿ. ಪೆನ್‌ಡ್ರೈವ್ ಅವರಿಗೆ ಉಪಯೋಗಕ್ಕೆ ಬಾರದಿದ್ದರೆ ಮೊಮ್ಮಕ್ಕಳ ಮೊಬೈಲಿಗೆ ಕಳುಹಿಸಿ, ಮುಂದಿನ ಸಲ ಹೋದಾಗ ಅವರ ಎದುರೇ ಹಾಕಿ ಕೇಳಿಸಿ. ಕೇಳುತ್ತ ಕೇಳುತ್ತ ‘ಅಯ್ಯೋ, ಇದೊಂದು ಹೇಳುವುದು ಬಿಟ್ಟೇ ಹೋಯಿತು’ ಎನ್ನುತ್ತಾರೆ. ಆ ಹೊತ್ತಿಗೆ ನಿಮ್ಮ ಮೊಬೈಲಿನಲ್ಲಿ ರೆಕಾರ್ಡಿಂಗ್ ನಡೆಯುತ್ತಿರಲಿ.