ನಿಮ್ಮ ಧರ್ಮದ ಬಗ್ಗೆ ನೀನೇ ಹೇಳಪ್ಪ

ಹಾಸನದ ಸುತ್ತಮುತ್ತಲಿನ ಹೈಸ್ಕೂಲುಗಳಿಂದ ನನ್ನ ಹತ್ತಿರ ಆಪ್ತಸಲಹೆಗೆ ಬರುವ ಮಕ್ಕಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತಿದೆ: ಕ್ಲಾಸಿನಲ್ಲಿ ಎಬ್ಬಿಸಿ, ನಿಮ್ಮ ಧರ್ಮದ ಬಗ್ಗೆ ನೀನೇ ಹೇಳು ಅಂದಾಗ ಆಗುವ ಸಂಕಟ. ಒಮ್ಮೆ ಮುಸ್ಲಿಂ ಹುಡುಗಿ, ಒಮ್ಮೆ ಕ್ರೈಸ್ತ ಹುಡುಗ, ಈ ಸಲ ಜೈನರ ಮನೆಯ ಹುಡುಗ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗ ಎಂಟನೇ ಕ್ಲಾಸು. ಓದಿನಲ್ಲಿ ಚುರುಕು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ ಅನ್ನುವ ಹಟ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಟೈಮ್‌ಟೇಬಲ್ ಎದುರಿಗಿಟ್ಟುಕೊಂಡು ನೋಡಿದಾಗ, ನೋವು ಬರುತ್ತಿದ್ದದ್ದು ಸಮಾಜ ವಿಜ್ಞಾನದ ಪೀರಿಯಡ್ ಇದ್ದ ದಿನ.

ನಡೆದದ್ದು ಇಷ್ಟು. ಮೇಷ್ಟ್ರು ಜೈನ ಧರ್ಮದ ಪಾಠ ಮಾಡುತ್ತಿದ್ದರು. ಶ್ರವಣಬೆಳಗೊಳದ ಮಾತು ಬಂತು. ಹಿಂದಿನ ಬೆಂಚಿನಿಂದ ಒಬ್ಬ "ಗೊಮ್ಮಟ ಯಾಕೆ ಬಟ್ಟೆ ಹಾಕಿಲ್ಲ ಸಾರ್?" ಅಂದ. ಕ್ಲಾಸೆಲ್ಲ ಕಿಸಿಕಿಸಿ ನಗು. ಮೇಷ್ಟ್ರು ಈ ಹುಡುಗನ ಕಡೆ ತಿರುಗಿ, "ನೀನೇ ಹೇಳಪ್ಪ, ನಿಮ್ಮವರಲ್ವಾ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹುಡುಗನಿಗೆ ಗೌರವ ಕೊಟ್ಟೆ ಅಂತಲೇ ತಿಳಿದಿದ್ದರು. ಹುಡುಗ ಎದ್ದು ನಿಂತ. ಬಾಯಿಂದ ಮಾತು ಬರಲಿಲ್ಲ.

ನನ್ನ ಹತ್ತಿರವೂ ಮೊದಮೊದಲು ಏನೂ ಹೇಳಲಿಲ್ಲ. ಒಂದು ದಿನ ಅವನ ಗಣಿತದ ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದೆವು. ಒಂದು ಲೆಕ್ಕ ತಪ್ಪಾಯಿತು. ರಬ್ಬರ್ ತಗೊಂಡು ನಿಧಾನವಾಗಿ ಅಳಿಸಿ, ಪುಡಿಯನ್ನು ಊದಿದ.

"ತಪ್ಪಾದ್ರೆ ಬೇಜಾರಾಗಲ್ವೇನೋ?" ಅಂತ ಕೇಳಿದೆ.

"ಇಲ್ಲ ಮೇಡಂ. ಲೆಕ್ಕ ತಪ್ಪಾದ್ರೆ ನಂದೊಬ್ಬಂದೇ ತಪ್ಪು. ಅವತ್ತು ತಪ್ಪು ಹೇಳಿದ್ದಿದ್ರೆ ಅಜ್ಜೀದು, ಅಪ್ಪಂದು, ಎಲ್ಲರದ್ದೂ ತಪ್ಪಾಗ್ತಿತ್ತು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ. "ನಿಜವಾಗ್ಲೂ ನಂಗೆ ಗೊತ್ತಿಲ್ಲ ಮೇಡಂ. ಅಜ್ಜಿ ಹೊತ್ತು ಮುಳುಗಿದ ಮೇಲೆ ಊಟ ಮಾಡಲ್ಲ. ನಾನು ಟ್ಯೂಷನ್ ಮುಗಿಸಿ ಗೋಬಿ ತಿಂತೀನಿ. ನಾನು ಹೆಂಗೆ ಎಲ್ಲರ ಪರವಾಗಿ ಹೇಳ್ಲಿ?"

ಹದಿಮೂರು ವರ್ಷದ ಮಗುವಿನ ಹೆಗಲ ಮೇಲೆ ಸಾವಿರಾರು ವರ್ಷದ ಒಂದು ಧರ್ಮವನ್ನು ಹೊರಿಸಿ, ನಗುತ್ತಿರುವ ಕ್ಲಾಸಿನ ಮುಂದೆ ನಿಲ್ಲಿಸಿದರೆ ಹೊಟ್ಟೆ ನೋಯದೆ ಇನ್ನೇನಾಗುತ್ತದೆ? ಮನೆಯಲ್ಲಿ ಯಾರು ಏನು ಪಾಲಿಸುತ್ತಾರೆ ಅನ್ನುವುದು ಅವನ ಖಾಸಗಿ ವಿಷಯ. ಅದನ್ನು ಹೊರಗೆಳೆಯುವ ಹಕ್ಕು ಶಾಲೆಗಿಲ್ಲ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಹುಡುಗನಿಗೆ ಕೊಟ್ಟ ಸಲಹೆ ಚಿಕ್ಕದು. "ನೀವೇ ಹೇಳಿ ಸಾರ್" ಅಂತ ಹೇಳಿ ಕೂತುಕೋ, ಅದರಲ್ಲಿ ಅಗೌರವ ಏನೂ ಇಲ್ಲ ಅಂದೆ. ನನ್ನೆದುರೇ ಗಟ್ಟಿಯಾಗಿ ಹೇಳಿಸಿದೆ.

ಮೇಷ್ಟ್ರನ್ನೂ ಕರೆಸಿ ಮಾತಾಡಿದೆ. ಅವರು ನೊಂದುಕೊಂಡರು. "ಹಾಗಾದ್ರೆ ಈ ಪಾಠ ಸುಮ್ನೆ ಓದಿಸಿ ಮುಗಿಸಿಬಿಡ್ತೀನಿ ಮೇಡಂ" ಅಂದರು. ನಾನು ಒಪ್ಪಲಿಲ್ಲ. ಪಾಠ ಬಿಟ್ಟರೆ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಬರೀ ತಮಾಷೆಯಾಗಿಯೇ ಉಳಿಯುತ್ತದೆ. ಅದು ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ. ಗೊಮ್ಮಟ ಅಂದರೆ ಬಾಹುಬಲಿ. ಅಣ್ಣ ಭರತನನ್ನು ಗೆದ್ದ ಅವನು, ರಾಜ್ಯ ಬಿಟ್ಟು ವರ್ಷವಿಡೀ ನಿಂತೇ ತಪಸ್ಸು ಮಾಡಿದ ಎಂದು ಜೈನರು ನಂಬುತ್ತಾರೆ. ವಿಗ್ರಹದ ಕಾಲು ತೋಳಿಗೆ ಹಬ್ಬಿದ ಬಳ್ಳಿ, ಪಕ್ಕದ ಹುತ್ತಗಳೆಲ್ಲ ಅದನ್ನೇ ಹೇಳುತ್ತವೆ. ಎಲ್ಲ ಬಿಟ್ಟವನು ಬಟ್ಟೆಯನ್ನೂ ಬಿಡಬೇಕು ಅನ್ನುವುದು ದಿಗಂಬರರ ದಾರಿ. ಶ್ವೇತಾಂಬರ ಮುನಿಗಳು ಬಿಳಿ ಬಟ್ಟೆ ಉಡುತ್ತಾರೆ. ಇಷ್ಟು ಹೇಳುವುದು ಮೇಷ್ಟ್ರ ಕೆಲಸ. ಹುಡುಗನನ್ನು ಎಬ್ಬಿಸಬೇಕಾಗಿಲ್ಲ.

ಧರ್ಮಗಳ ನಡುವಿನ ಜಗಳವನ್ನೂ ಮುಚ್ಚಿಡಬೇಡಿ ಅಂದೆ. ಶ್ರವಣಬೆಳಗೊಳದಲ್ಲೇ 1368ರ ಶಾಸನವಿದೆ. ಶ್ರೀವೈಷ್ಣವರಿಂದ ತೊಂದರೆಯಾಗಿದೆ ಎಂದು ಜೈನರು ದೂರು ಕೊಟ್ಟಾಗ, ವಿಜಯನಗರದ ಅರಸ ಬುಕ್ಕರಾಯ ಜೈನರ ಕೈ ಹಿಡಿದು ವೈಷ್ಣವರ ಕೈಗಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದು ತೀರ್ಪು ಕೊಟ್ಟ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕಾ?

ತಂದೆಯದು ಬೇರೆ ವಾದ. ಸಂವಿಧಾನದ 28ನೇ ವಿಧಿ ಹೇಳಿ, ಮಗನಿಗೆ ಈ ಪಾಠದಿಂದ ವಿನಾಯಿತಿ ಕೊಡಿಸಿ ಅಂದರು. ಆ ವಿಧಿ ಇರುವುದು ಧರ್ಮಬೋಧೆ ಮತ್ತು ಪೂಜೆಗೆ. ಸರ್ಕಾರ ಪೂರ್ತಿ ಹಣ ಕೊಡುವ ಶಾಲೆಯಲ್ಲಿ ಧರ್ಮಬೋಧೆ ಮಾಡುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಕಡೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಸೇರಿಸುವಂತಿಲ್ಲ. ಧರ್ಮಗಳ ಬಗ್ಗೆ ತಿಳಿಸುವ ಪಾಠಕ್ಕೆ ಈ ತಡೆ ಇಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೆರೆಯವರ ನಂಬಿಕೆ ಗೊತ್ತಿಲ್ಲದೆ ಬೆಳೆದ ಮಕ್ಕಳನ್ನು ನಾನು ಜಾಸ್ತಿ ನೋಡುತ್ತಿದ್ದೇನೆ. ವಿನಾಯಿತಿ ಕೇಳಲು ನಾನು ಜೊತೆಗೆ ಬರುವುದಿಲ್ಲ ಅಂತ ನೇರವಾಗಿ ಹೇಳಿದೆ.

ಮೇಷ್ಟ್ರು ಆ ಪಾಠವನ್ನು ಇನ್ನೊಮ್ಮೆ ಮಾಡಿದರು. ಹುಡುಗ ಈಗ ಸ್ಕೂಲು ತಪ್ಪಿಸುತ್ತಿಲ್ಲ. ಆ ಪೀರಿಯಡ್‌ನಲ್ಲಿ ಅವನು ಬಾಯೇ ಬಿಡಲಿಲ್ಲವಂತೆ, ತಂದೆಗೆ ಅದು ಬೇಸರ. ಇನ್ನು ಮನೆಯಲ್ಲಿ ಕೂರಿಸಿ ಉತ್ತರ ಬಾಯಿಪಾಠ ಮಾಡಿಸ್ತೀನಿ ಅಂದರು. ಬೇಡ ಅಂದೆ. ತಿಳಿಯಬೇಕು ಅನಿಸಿದಾಗ ಅಜ್ಜಿಯನ್ನು ಅವನೇ ಕೇಳಲಿ.